ಚೋರೊ ಎಂದರೆ ಚಿಪ್ಪುಮೀನು

ತ್ರಾಯ್ಕೆನ್ ದ್ವೀಪ, ಚಿಲೊಯೆ
ಮಾರ್ಚ್ 4

ಎದೆಲ್ಮಿರಾ,

ಪೂರ್ತಿ ಹೆಸರು ಬರೆದಿದ್ದೇನೆ, ನೋಡಿದೆಯಲ್ಲ? ಸಿಟ್ಟಿನಲ್ಲಿದ್ದೇನೆ ಎಂದು ಅದರಿಂದಲೇ ಗೊತ್ತಾಗಲಿ.

ನಿನ್ನ ‘ದಡದ ಮಾತು’ ಜಾಲತಾಣದಲ್ಲಿ ಸಾಂತಿಯಾಗೊದ ಹುಡುಗಿಯೊಬ್ಬಳು ಕುರಾಂತೊ ಮಾಡುವುದು ಹೇಗೆಂದು ಕೇಳಿದ್ದಳು. ಮನೆ ಒಲೆಯಲ್ಲಿ ಮಾಡುವ ಸುಳ್ಳು ಕುರಾಂತೊ ಅಲ್ಲ, ನೆಲದಲ್ಲಿ ಹೊಂಡ ತೋಡಿ ಕಾದ ಕಲ್ಲಿನ ಮೇಲೆ ಬೇಯಿಸುವುದು. ನಾನು ಒಂದು ಮಧ್ಯಾಹ್ನವೆಲ್ಲ ಕೂತು, ಒಂದೊಂದೇ ಅಕ್ಷರ ಹುಡುಕಿ ಒತ್ತಿ, ಬರೆದು ಹಾಕಿದೆ. ಕೆಟ್ಟ ಪದಗಳಿಗೆ ಚುಕ್ಕಿ ಹಾಕುವ ನಿನ್ನ ಯಂತ್ರವನ್ನು ದಾಟಿ ಅಲ್ಲಿ ಬಂದದ್ದು ಇದು:

“ಮೊದಲು  •••• ಚೆನ್ನಾಗಿ ತಿಕ್ಕಿ ತೊಳೆಯಿರಿ. ದೊಡ್ಡ  •••• ಕೆಳಗಿರಲಿ. ಅದರ ಮೇಲೆ ••••ರೊಕೊ ಇಡಿ.  •••• ತಾನಾಗಿ ಬಾಯಿ ಬಿಟ್ಟರೆ ಬೆಂದಿದೆ ಎಂದರ್ಥ.”

ಕೆಳಗೆ ಯಾವನೋ ಬರೆದ: “ದೋನ್ಯಾ ನೊಲ್ಫಾ, ಈ ವಯಸ್ಸಲ್ಲಿ ಇಷ್ಟೊಂದು ಹುರುಪು ಎಲ್ಲಿಂದ ಬರುತ್ತೆ ನಿಮ್ಗೆ?” ಇನ್ನೊಬ್ಬ: “ಎಲೆ ಮುಚ್ಚೋದು ಮರೀಬೇಡಿ, ಮಕ್ಕಳು ನೋಡ್ತಾರೆ.” ಅರ್ಸೇನಿಯೊ ನಕ್ಕು ನಕ್ಕು ಕುಡಿಯುತ್ತಿದ್ದ ಚಹಾ ಮೂಗಿಗೆ ಏರಿಸಿಕೊಂಡ. ಗಂಡನಾದವನು!

ಚೋರೊ ಎಂದರೆ ಕಪ್ಪು ಚಿಪ್ಪುಮೀನು. ನಮ್ಮಜ್ಜಿ ಅದನ್ನು ಚೋರೊ ಎಂದೇ ಕರೆದಳು, ಪಾದ್ರಿಯ ಎದುರಿಗೂ ಕರೆದಳು. ಕೊಂಚಾ ಎಂದರೆ ಚಿಪ್ಪು. ಪಿಕೊರೊಕೊ ಬಂಡೆಗೆ ಅಂಟಿಕೊಂಡು ಬೆಳೆಯುವ, ಕೊಕ್ಕಿರುವ ಬಡಪಾಯಿ ಪ್ರಾಣಿ; ಪಿಕೊ ಎಂದರೆ ಕೊಕ್ಕು, ಅಷ್ಟೇ. ಗಂಡಸರು ಪೋಲಿ ಮಾತಿಗೆಂದು ಈ ಹೆಸರುಗಳನ್ನು ಹೆಂಗಸಿನ ಮೈಗೂ ತಮ್ಮ ಮೈಗೂ ಅಂಟಿಸಿಕೊಂಡರು. ಅದಕ್ಕೆ ಚಿಪ್ಪಿಗೇಕೆ ಶಿಕ್ಷೆ? ಸಮುದ್ರದಿಂದ ನಾವು ತೆಗೆಯುವ, ಮಾರುವ, ತಿನ್ನುವ ಎಲ್ಲದರ ಹೆಸರನ್ನೂ ನಿನ್ನ ಯಂತ್ರ ಹೊಲಸು ಎನ್ನುತ್ತಿದೆ. ಕಂಪ್ಯೂಟರಿಗೆ ನಾವು ಅನ್ನುವ ‘ಕೊಂಪುತಾದೋರಾ’ ಕೂಡ ‘ಕೊಂ••••ದೋರಾ’ ಆಗಿದೆ. ‘ಪುತಾ’ ಎಂದರೆ ಸೂಳೆಯಲ್ಲವೇ, ಅದರ ಹೊಟ್ಟೆಯೊಳಗೂ ಒಬ್ಬಳು ಅಡಗಿದ್ದಾಳಂತೆ. ತನ್ನ ಹೆಸರನ್ನೇ ಬೈಗುಳ ಎಂದುಕೊಳ್ಳುವ ಯಂತ್ರವನ್ನು ಎಲ್ಲಿಂದ ಹಿಡಿದು ತಂದೆ?

ತಾಣದೊಳಗಿನ ಖಾಸಗಿ ಪತ್ರದಲ್ಲೂ ಚುಕ್ಕಿ ಬೀಳುತ್ತದೆ. ಅದಕ್ಕೇ ಕಾಗದ, ಅದಕ್ಕೇ ಪೆನ್ನು. ದೋಣಿಯ ಅಂಚೆಯವನು ನನ್ನ ಮಾತಿಗೆ ಚುಕ್ಕಿ ಹಾಕುವುದಿಲ್ಲ.

ಇದನ್ನು ತೆಗೆ.

ನೊಲ್ಫಾ ಓಯಾರ್ಸೊ


ಕಾಸ್ತ್ರೊ
ಮಾರ್ಚ್ 15

ನೊಲ್ಫಾ,

ನಿನ್ನ ಪತ್ರ ಬಂತು. ಜನವರಿಯ ನಂತರ ನಿನ್ನಿಂದ ಬಂದ ಮೊದಲ ಮಾತು ಚಿಪ್ಪುಮೀನಿನ ಬಗ್ಗೆ ಎಂಬುದನ್ನು ಗಮನಿಸಿದೆ.

ಯಂತ್ರದೊಳಗಿನ ಕೆಟ್ಟ ಪದಗಳ ಪಟ್ಟಿಯನ್ನು ನಾನು ಮಾಡಲಿಲ್ಲ. ಕೊಂಡ ಪಟ್ಟಿ ಅದು. ಯಾವುದೋ ಕಂಪನಿ ಅದನ್ನು ಮಾಡಿ ಎಲ್ಲ ದೇಶಗಳಿಗೂ ಮಾರುತ್ತದೆ. ಪಟ್ಟಿ ಮಾಡಿದವರು ಬಹುಶಃ ಸಮುದ್ರ ನೋಡಿಲ್ಲ. ಅದು ನನ್ನ ತಪ್ಪಲ್ಲ. ಒಂದೊಂದು ಪದವನ್ನೇ ತೆಗೆಯಲು ನನಗೆ ಅಧಿಕಾರವಿಲ್ಲ. ಇಡೀ ಯಂತ್ರವನ್ನು ನಡೆಸಬಹುದು, ಇಲ್ಲವೇ ಇಡೀ ಯಂತ್ರವನ್ನು ನಿಲ್ಲಿಸಬಹುದು.

ಚುಕ್ಕಿ ನೋಡಿ ಜನ ನಗುತ್ತಾರೆ ಎಂಬ ನಿನ್ನ ದೂರು ನ್ಯಾಯವಾದದ್ದು. ಆದ್ದರಿಂದ ಒಂದು ಬದಲಾವಣೆ ಮಾಡಿದ್ದೇನೆ. ಇನ್ನು ಮುಂದೆ ಒಂದೇ ಸಂದೇಶದಲ್ಲಿ ಅಂಥ ಪದಗಳು ಮೂರಕ್ಕಿಂತ ಹೆಚ್ಚಿದ್ದರೆ ಸಂದೇಶವನ್ನೇ ಹೊರಗೆ ಬಿಡುವುದಿಲ್ಲ. ಅದು ನನ್ನ ಪೆಟ್ಟಿಗೆಗೆ ಬರುತ್ತದೆ. ನಾನು ಸೋಮವಾರಗಳಂದು ಓದಿ, ಯೋಗ್ಯವಾದದ್ದನ್ನು ಬಿಡುತ್ತೇನೆ. ಬರೆದವರಿಗೆ ಬೇಸರವಾಗದಿರಲೆಂದು, ಅವರ ಪರದೆಯ ಮೇಲೆ ಮಾತ್ರ ಅದು ಎಂದಿನಂತೆ ಕಾಣುತ್ತಿರುತ್ತದೆ. ಇನ್ನು ಯಾರೂ ನಗುವುದಿಲ್ಲ.

ನೀನು ‘ಕಪ್ಪು ಚಿಪ್ಪು’ ಎಂದು ಬರೆದರೆ ತೊಂದರೆಯಿಲ್ಲ. ಶಾಲೆಯಲ್ಲಿ ಮಕ್ಕಳಿಗೂ ನಾನು ಹಾಗೆಯೇ ಕಲಿಸಿದ್ದೆ.

ಯಂತ್ರವನ್ನು ತೆಗೆಯುವುದಿಲ್ಲ. ಯಾಸ್ನಾ ಬಗ್ಗೆ ಅಲ್ಲಿ ಏನೇನು ಬರೆದಿದ್ದರೆಂದು ನಿನಗೆ ಗೊತ್ತು. ಅವಳು ಕೊಲ್ಲಿಯ ನೀರಿನ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕೊಡುತ್ತಾಳೆ, ಅಷ್ಟೇ. ವಿಷ ಇದೆಯೆಂದು ಗೊತ್ತಾಗಿ ಕೊಲ್ಲಿ ಮುಚ್ಚಿಸಿದರೆ, ವಿಷ ಹಾಕಿದ್ದು ಅವಳೇ ಎಂಬಂತೆ ಆಡಿದರು. ಅವಳ ಮೈಯ ಒಂದು ಭಾಗವನ್ನೂ ಬಿಡಲಿಲ್ಲ. ಅವಳ ತಾಯಿ ನಾನು. ಬೆಳಗ್ಗೆ ಎದ್ದು ಆ ಪುಟ ತೆರೆಯಬೇಕಾದವಳೂ ನಾನೇ.

ಎದೆಲ್ಮಿರಾ ಮನ್ಸಿಯಾ


ತ್ರಾಯ್ಕೆನ್ ದ್ವೀಪ
ಮಾರ್ಚ್ 26

ಮೇಷ್ಟ್ರಮ್ಮನವರೇ,

ಕಪ್ಪು ಚಿಪ್ಪಂತೆ! ನಮ್ಮಲ್ಲಿ ಕಪ್ಪಗಿರುವ ಚಿಪ್ಪುಗಳು ಎಷ್ಟಿವೆ ಎಂದು ಗೊತ್ತೇನು? ಒಬ್ಬ ಒಂದು ಚೀಲ ‘ಕಪ್ಪು ಚಿಪ್ಪು’ ಬೇಕೆಂದು ಬರೆದ, ಇನ್ನೊಬ್ಬ ಕಳಿಸಿದ್ದು ಚೋಲ್ಗಾ ಎಂಬ ಬೇರೆಯದೇ ಚಿಪ್ಪುಮೀನು. ಈಗ ಇಬ್ಬರೂ ಕಟ್ಟೆಯ ಮೇಲೆ ಎದುರಾದರೆ ಮುಖ ತಿರುಗಿಸುತ್ತಾರೆ. ಉಳಿದವರು ಹೆಸರನ್ನು ತುಂಡು ಮಾಡಿ, ನಡುವೆ ಗೆರೆ ಎಳೆದು, ಸೊನ್ನೆ ತುರುಕಿ ಬರೆಯುತ್ತಿದ್ದಾರೆ. ಓದಿದರೆ ತೊದಲು ಹಿಡಿದವರ ಸಭೆಯಂತಿದೆ.

ಈಗ ನಿನ್ನ ಯಂತ್ರ ಏನನ್ನು ಬಿಟ್ಟಿದೆ ನೋಡು. ನಿನ್ನೆ ಸೆಫೆರಿನೊ ಬರೆದದ್ದು: “ಆ ಮಾದರಿ ತೆಗೆಯೋಳಿಗೆ ದೋಣಿ ಯಾಕೆ ಕೊಟ್ಟಿದಾರೋ. ಅವಳ ಕೆಲಸಕ್ಕೆ ಒಂದು ಮಂಚ ಸಾಕಿತ್ತು.” ಒಂದೇ ಒಂದು ಚುಕ್ಕಿ ಬಿದ್ದಿಲ್ಲ! ಅಷ್ಟೂ ಸಭ್ಯ ಪದಗಳು, ಅಷ್ಟೂ ನಿನ್ನ ಶಾಲೆಯಲ್ಲೇ ಕಲಿತದ್ದು. ನನ್ನ ಕುರಾಂತೊ ಕೊಳಕು, ಅವನ ಮಾತು ಶುದ್ಧ. ಇಂಥ ಜರಡಿ ಇಟ್ಟುಕೊಂಡು ನಾನು ಹಿಟ್ಟು ಜರಡಿ ಹಿಡಿದಿದ್ದರೆ ಅತ್ತೆ ಮನೆಯಿಂದ ಓಡಿಸುತ್ತಿದ್ದಳು.

ಜನವರಿಯ ಮಾತು ನೀನೇ ಎತ್ತಿದೆ, ಅದಕ್ಕೆ ಹೇಳುತ್ತೇನೆ. ಅವತ್ತು ನೀನು ಫೋನಿನಲ್ಲಿ ಅಳುತ್ತಿದ್ದೆ. “ಗಂಡಸರು ಬೊಗಳ್ತಾರೆ, ಆಮೇಲೆ ಸುಮ್ನಾಗ್ತಾರೆ, ಬಿಡು” ಎಂದೆ. ಸಮಾಧಾನಕ್ಕೆ ಹೇಳಿದ ಮಾತು ಅದು. ನೀನು ಫೋನಿಟ್ಟೆ. ನಮ್ಮಿಬ್ಬರ ಇಷ್ಟು ವರ್ಷದ ಸ್ನೇಹ ಒಂದು ವಾಕ್ಯಕ್ಕೆ ಮುರಿಯುವಷ್ಟು ತೆಳ್ಳಗಿತ್ತು ಎಂದು ನನಗೆ ಗೊತ್ತಿರಲಿಲ್ಲ.

ನೊಲ್ಫಾ


ಕಾಸ್ತ್ರೊ
ಏಪ್ರಿಲ್ 5

ನೊಲ್ಫಾ,

ಸೆಫೆರಿನೊ ಬರೆದದ್ದನ್ನು ನೀನು ಓದಿದೆ. ಕಾಗದಕ್ಕೆ ಇಳಿಸಿಕೊಂಡೆ. ನನಗೆ ಕಳಿಸಿದೆ. ನನ್ನ ಯಂತ್ರವನ್ನು ಹಂಗಿಸಲು ಅದು ನಿನಗೆ ಬಹಳ ಅನುಕೂಲವಾಯಿತು.

ಅವನ ಮನೆ ನಿನ್ನ ಅಂಗಳದಿಂದ ಕಾಣುತ್ತದೆ. ಅವನಿಗೆ ಏನು ಹೇಳಿದೆ?

ಎದೆಲ್ಮಿರಾ


ಕೆಯೋನ್, ಆಸ್ಪತ್ರೆ
ಏಪ್ರಿಲ್ 24

ಮಿರಾ,

ಆಸ್ಪತ್ರೆಯ ಓಣಿಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ನನ್ನ ಭಾವ ರೊಸಮೆಲ್ ಬಾಗಿಲಿನ ಆಚೆ ಮಲಗಿದ್ದಾರೆ. ಅವರ ಪರವಾಗಿ ಯಂತ್ರವೊಂದು ಉಸಿರಾಡುತ್ತಿದೆ. ಅರ್ಸೇನಿಯೊ ಪಕ್ಕದಲ್ಲಿದ್ದಾನೆ, ಅವನ ತುಟಿಯ ಜುಮ್ಮು ಇಳಿದಿದೆ.

ಭಾನುವಾರ ಭಾವನ ಹುಟ್ಟುಹಬ್ಬ. ಬೆಳಗಿನ ಇಳಿತಕ್ಕೆ ಅರ್ಸೇನಿಯೊ ದಡಕ್ಕೆ ಹೋಗಿ ಒಂದು ಬುಟ್ಟಿ ಚೋರೊ ತಂದ. ಒಳ್ಳೇ ದಪ್ಪ, ತೆಳ್ಳಗಿನ ನೀಲಿ ಅಂಚು. ಹೋಗುವ ಮುಂಚೆ ತಾಣ ತೆರೆದು ನೋಡಿದ್ದ. ನಾವೆಲ್ಲ ಈಗ ಹಾಗೆಯೇ ಮಾಡುತ್ತೇವೆ, ಗುಡ್ಡದ ಈ ಬದಿಗೆ ರೇಡಿಯೊ ಸಿಗುವುದಿಲ್ಲವಲ್ಲ. “ಏನಿಲ್ಲ, ಎಲ್ಲಾ ತಣ್ಣಗಿದೆ” ಎಂದ. ನಾನೇ ತೊಳೆದೆ. ನಾನೇ ಬೇಯಿಸಿದೆ. ನಿಂಬೆ ಹಿಂಡಿ ಭಾವನ ತಟ್ಟೆಗೆ ನಾನೇ ಬಡಿಸಿದೆ. “ಇನ್ನೊಂದು ಸಲ ಹಾಕಮ್ಮ, ಇವತ್ತು ಯಾರೂ ನನ್ನ ತಡೀಬಾರ್ದು” ಎಂದರು. ಹಾಕಿದೆ. ಬಡಿಸುತ್ತಾ ನಿಂತವಳಿಗೆ ತಿನ್ನಲು ಪುರುಸೊತ್ತಾಗಲಿಲ್ಲ, ಅದಕ್ಕೆ ನಾನು ಈ ಬೆಂಚಿನ ಮೇಲಿದ್ದೇನೆ.

ಸ್ವಲ್ಪ ಹೊತ್ತಿಗೆ ಭಾವ ತುಟಿ ಉಜ್ಜಿಕೊಳ್ಳತೊಡಗಿದರು. “ಮೆಣಸು ಜಾಸ್ತಿ ಹಾಕಿದ್ಯಾ?” ಎಂದು ಕೇಳಿದರು. ಮೆಣಸು ಹಾಕಿಯೇ ಇರಲಿಲ್ಲ. ಅರ್ಸೇನಿಯೊ ನನ್ನ ಮುಖ ನೋಡಿದ. ಲೋಟ ಭಾವನ ಕೈಯಿಂದ ಜಾರಿತು. ದೋಣಿಗೆ ಹತ್ತಿಸುವಾಗ ಅವರ ಕಾಲು ನೆಲಕ್ಕೆ ಊರುತ್ತಿರಲಿಲ್ಲ. ದಾರಿಯುದ್ದಕ್ಕೂ ಏನೋ ಹೇಳಲು ನೋಡಿದರು, ನಾಲಿಗೆ ಹೊರಳಲಿಲ್ಲ. ನಾನು ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, “ಉಸಿರು ಬಿಡಿ ಭಾವ, ಎಳ್ಕೊಳ್ಳಿ, ಬಿಡಿ” ಎಂದು ಹೆರಿಗೆ ಮಾಡಿಸುವವಳಂತೆ ಹೇಳುತ್ತಾ ಬಂದೆ.

ಕೆಂಪು ನೀರು ಎನ್ನುತ್ತೇವಲ್ಲ, ಚಿಪ್ಪುಮೀನಿಗೆ ವಿಷ ತುಂಬುವ ಆ ಪಾಚಿ, ಅದೇ. ನೀರೇನೂ ಕೆಂಪಗಿರಲಿಲ್ಲ, ಆ ವಿಷ ಕಾಣುವುದೂ ಇಲ್ಲ, ಬೇಯಿಸಿದರೆ ಹೋಗುವುದೂ ಇಲ್ಲ. ಇದೆಲ್ಲ ನಿನಗೆ ಗೊತ್ತಿದೆ.

ಅವತ್ತೇ ಸಂಜೆ ಯಾಸ್ನಾ ಬಂದಳು. ಬೂಟಿನಲ್ಲಿ ಇನ್ನೂ ನೀರಿತ್ತು. ಅವಳನ್ನು ನೋಡಿದ್ದೇ ತಡ, ನಾನು ಕೂಗಿಬಿಟ್ಟೆ: “ಯಾಕೆ ಹೇಳ್ಲಿಲ್ಲ ನೀನು? ನಿನ್ನ ಕೆಲ್ಸಾನೇ ಅದಲ್ವಾ?”

“ಬರ್ದಿದ್ದೆ ಚಿಕ್ಕಮ್ಮ” ಎಂದಳು. “ಶನಿವಾರಾನೇ ಬರ್ದಿದ್ದೆ. ಪ್ರಯೋಗಾಲಯದಿಂದ ಫೋನ್ ಬಂದ ತಕ್ಷಣ. ಸರ್ಕಾರದ ಪ್ರಕಟಣೆ ಬರೋಕೆ ಸೋಮವಾರ ಆಗುತ್ತೆ ಅಂತ ನಾನೇ ಹಾಕ್ದೆ.”

ಫೋನ್ ತೆಗೆದು ತೋರಿಸಿದಳು. ಅವಳ ಪರದೆಯ ಮೇಲೆ ಇತ್ತು, ಮಿರಾ. ತ್ರಾಯ್ಕೆನ್ನಿನ ಹೆಸರಿತ್ತು. ಚೋರೊ ತಿನ್ನಬೇಡಿ, ಚೋರೊ ಸಾಪಾತೊ ತಿನ್ನಬೇಡಿ, ಪಿಕೊರೊಕೊ ಬೇಡ, ಕೊಂಚಾ ಇರುವ ಯಾವುದನ್ನೂ ಮುಟ್ಟಬೇಡಿ ಎಂದು ಒಂದೊಂದಾಗಿ, ಯಾರಿಗೂ ಅನುಮಾನ ಉಳಿಯದಂತೆ ಬರೆದಿದ್ದಳು. ನಾನು ನನ್ನ ಫೋನ್ ತೆಗೆದೆ. ಅಲ್ಲಿ ಏನೂ ಇಲ್ಲ. ಯಾರದೋ ಮೋಟಾರು ಮಾರಾಟಕ್ಕಿತ್ತು. ನಾವಿಬ್ಬರೂ ಎರಡು ಫೋನುಗಳನ್ನು ಪಕ್ಕಪಕ್ಕ ಹಿಡಿದುಕೊಂಡು ನಿಂತೆವು. “ಎಲ್ರೂ ಓದಿದಾರೆ ಅಂದ್ಕೊಂಡು ನಾನು ಮುಂದಿನ ದ್ವೀಪಕ್ಕೆ ಹೋದೆ” ಎಂದಳು. ಆಮೇಲೆ ಗೋಡೆಗೆ ಒರಗಿ ಕೂತುಬಿಟ್ಟಳು.

ಅವಳ ಎಚ್ಚರಿಕೆ ನಿನ್ನ ಪೆಟ್ಟಿಗೆಯಲ್ಲಿತ್ತು. ಸೋಮವಾರ ಓದುವುದಕ್ಕೆ.

ನೊಲ್ಫಾ


ಕಾಸ್ತ್ರೊ
ಮೇ 2

ನೊಲ್ಫಾ,

ರೊಸಮೆಲ್ ತಾನಾಗಿಯೇ ಉಸಿರಾಡುತ್ತಿದ್ದಾರೆಂದು ಯಾಸ್ನಾ ಫೋನಿನಲ್ಲಿ ಹೇಳಿದಳು. ಅಷ್ಟು ಹೇಳಿ ಫೋನಿಟ್ಟಳು. 

ಆ ಸೋಮವಾರ ಪೆಟ್ಟಿಗೆ ತೆರೆದಾಗ ಅವಳ ಸಂದೇಶ ಮೊದಲನೆಯದಾಗಿರಲಿಲ್ಲ. ಅದಕ್ಕಿಂತ ಮುಂಚೆ ಮೀನಿನ ಸಾರಿನ ವಿಧಾನವೊಂದಿತ್ತು, ಬಲೆ ಕಳೆದುಕೊಂಡವನ ಗೋಳಿತ್ತು. ಎಲ್ಲವನ್ನೂ ತಾಳ್ಮೆಯಿಂದ ಓದಿ, ಒಂದೊಂದಾಗಿ ಬಿಡುತ್ತಾ ಬಂದೆ. ನನ್ನ ಮಗಳ ಹೆಸರು ಕಂಡಾಗ ಮತ್ತೆ ಯಾರೋ ಅವಳ ಬಗ್ಗೆ ಬರೆದಿದ್ದಾರೆ ಎಂದುಕೊಂಡು, ಓದದೆ ಕೆಳಗೆ ಸರಿಸಿದೆ. ಚಹಾ ಮಾಡಿಕೊಂಡು ಬಂದು, ಧೈರ್ಯ ತಂದುಕೊಂಡು ತೆರೆದೆ. ಬರೆದವಳು ಅವಳೇ. ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನ್ ಬಂತು.

ಕಂಪನಿಗೆ ಬರೆದೆ. ಚೋರೊ ಎಂಬುದು ಆಹಾರ, ಪಿಕೊರೊಕೊ ಎಂಬುದು ಆಹಾರ, ನಿಮ್ಮ ಪಟ್ಟಿಯಿಂದ ಒಬ್ಬ ಮನುಷ್ಯ ಸಾಯುವುದರಲ್ಲಿದ್ದ ಎಂದು ವಿವರವಾಗಿ ಬರೆದೆ. ಆ ಕ್ಷಣವೇ ಉತ್ತರ ಬಂತು: “ನಿಮ್ಮ ಸಂದೇಶದಲ್ಲಿ ಅಸಭ್ಯ ಭಾಷೆ ಇರುವುದರಿಂದ ಅದನ್ನು ಸ್ವೀಕರಿಸಲಾಗುತ್ತಿಲ್ಲ. ದಯವಿಟ್ಟು ಗೌರವಯುತವಾಗಿ ಬರೆಯಿರಿ.” ಫೋನ್ ಮಾಡಿದೆ. ಬಹಳ ಹೊತ್ತು ಸಂಗೀತ ಕೇಳಿಸಿದರು. ಕೊನೆಗೆ ಒಬ್ಬ ಹುಡುಗ ಸಿಕ್ಕಿದ. “ಯಾವ ಪದ ಅಂತ ಹೇಳಿ ಮೇಡಂ” ಎಂದ. “ಚೋರೊ” ಎಂದೆ. ಅವನು ಕಿಸಕ್ಕೆಂದು ನಕ್ಕ. ನಾನು, ಮೂವತ್ತು ವರ್ಷ ಮಕ್ಕಳಿಗೆ ಕೆಟ್ಟ ಮಾತು ಆಡಬಾರದೆಂದು ಕಲಿಸಿದವಳು, ಅವನಿಗೆ ಆಡಬಾರದ್ದನ್ನೆಲ್ಲ ಆಡಿದೆ. ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಂಡರು.

ಆದರೂ ಯಂತ್ರವನ್ನು ಇನ್ನೂ ನಿಲ್ಲಿಸಿಲ್ಲ. ಮೂರು ಸಲ ಗುಂಡಿಯವರೆಗೆ ಬೆರಳು ಹೋಗಿದೆ. ನಿಲ್ಲಿಸಿದ ಮರುದಿನ ಬೆಳಗ್ಗೆ ಅಲ್ಲಿ ಏನಿರುತ್ತದೆ ಎಂದು ನನಗೆ ಗೊತ್ತು. ಜನವರಿಯಲ್ಲಿ ಅದನ್ನು ನಾನೊಬ್ಬಳೇ ಓದಿದೆ.

ಮಿರಾ


ಕೆಯೋನ್
ಮೇ 9

ಅಮ್ಮ, ನೊಲ್ಫಾ ಚಿಕ್ಕಮ್ಮ,

ಇಬ್ಬರಿಗೂ ಒಂದೇ ಪತ್ರ. ಒಬ್ಬರ ಬಗ್ಗೆ ಇನ್ನೊಬ್ಬರ ಹತ್ತಿರ ಮಾತಾಡಿ ನನಗೆ ಸಾಕಾಗಿದೆ.

ರೊಸಮೆಲ್ ಮಾವ ನಿನ್ನೆ ಎದ್ದು ಕೂತರು. ಕೈ ಇನ್ನೂ ಸ್ವಾಧೀನಕ್ಕೆ ಬಂದಿಲ್ಲ, ಚಮಚ ಹಿಡಿಯಲಾಗುವುದಿಲ್ಲ. ಬರುತ್ತದೆ ಎಂದಿದ್ದಾರೆ ಡಾಕ್ಟರು.

ಅಮ್ಮ, ಯಂತ್ರವನ್ನು ನಿಲ್ಲಿಸು. ಜನವರಿಯಲ್ಲಿ ನೀನು ಅದನ್ನು ತಂದಾಗ ನನ್ನನ್ನು ಕೇಳಲಿಲ್ಲ. ನನ್ನ ಬಗ್ಗೆ ಬರೆದದ್ದನ್ನೆಲ್ಲ ಅಳಿಸಿದೆ. ನನ್ನನ್ನು ಕಾಪಾಡಿದೆ ಎಂದುಕೊಂಡೆ. ಮರುದಿನ ಅದನ್ನು ಬರೆದವರೇ ದೋಣಿಕಟ್ಟೆಯಲ್ಲಿ ಟೋಪಿ ತೆಗೆದು ನನಗೆ ಶುಭೋದಯ ಹೇಳಿದರು. ತೋರಿಸಿ ಕೇಳೋಣವೆಂದರೆ ನನ್ನ ಹತ್ತಿರ ಏನೂ ಉಳಿದಿರಲಿಲ್ಲ. ಅವರು ಏನೂ ಬರೆದೇ ಇಲ್ಲ ಎಂಬಂತಾಯಿತು. ಬೈಸಿಕೊಂಡದ್ದು ಮಾತ್ರ ನನ್ನಲ್ಲಿ ಉಳಿಯಿತು.

ಚಿಕ್ಕಮ್ಮ, “ಬೊಗಳ್ತಾರೆ ಬಿಡು” ಎನ್ನುವುದು ನಿಮಗೆ ಸುಲಭ. ಅವರ ಬಂಡೆಗಳಿಗೆ ಒಬ್ಬಳೇ ದೋಣಿ ಕಟ್ಟಬೇಕಾದವಳು ನಾನು.

ನಾಳೆ ಪೂರ್ವದ ದ್ವೀಪಗಳಿಗೆ ಹೋಗುತ್ತಿದ್ದೇನೆ. ಮಾದರಿ ತೆಗೆಯಲು. ಎಚ್ಚರಿಕೆಯನ್ನು ಈ ಸಲ ಕಾಗದದಲ್ಲಿ ಬರೆದು ಕಟ್ಟೆಗಳ ಕಂಬಕ್ಕೆ ಮೊಳೆ ಹೊಡೆದು ಬರುತ್ತೇನೆ. ಎಷ್ಟು ದಿನ ಹಾಗೆ ಮಾಡಬೇಕೆಂದು ನೀವೇ ಹೇಳಿ.

ಯಾಸ್ನಾ


ತ್ರಾಯ್ಕೆನ್ ದ್ವೀಪ
ಜೂನ್ 11

ಮಿರಾ,

ನೀನು ಯಂತ್ರ ನಿಲ್ಲಿಸಿದ ದಿನ ಇಲ್ಲಿ ಎಲ್ಲರೂ ಹುಚ್ಚು ಹಿಡಿದವರಂತೆ ಚೋರೊ ಚೋರೊ ಎಂದು ಬರೆದರು. ನನ್ನ ಕುರಾಂತೊ ಈಗ ಪೂರ್ತಿಯಾಗಿದೆ. ಬೆಳಗಿನ ಹೊತ್ತು ಬಂದದ್ದನ್ನು ನಾನು ಓದುತ್ತೇನೆ, ಸಂಜೆಯದು ನೀನು ಎಂದು ಒಪ್ಪಿಕೊಂಡಂತೆ ನಡೆಯುತ್ತಿದೆ. ಕಣ್ಣು ಉರಿಯುತ್ತದೆ, ದೂರುವುದಿಲ್ಲ.

ಮೊನ್ನೆ ಬೆಳಗ್ಗೆ ಸೆಫೆರಿನೊ ಬರೆದಿದ್ದ. ಈ ಸಲ ಸಭ್ಯ ಪದ ಹುಡುಕುವ ಶ್ರಮ ತೆಗೆದುಕೊಂಡಿರಲಿಲ್ಲ. ಯಾಸ್ನಾಳ ಹೆಸರು ಹಾಕಿ, ಅವಳ ಜೊತೆ ಏನೇನು ಮಾಡಬೇಕು, ಯಾವ ಬಂಡೆಯ ಮೇಲೆ ಮಾಡಬೇಕು ಎಂದು ಬರೆದಿದ್ದ. ನಾನು ಅದನ್ನು ಅಳಿಸಲಿಲ್ಲ. ಪೆನ್ನು ತೆಗೆದುಕೊಂಡು ಕಾಗದದ ಮೇಲೆ ಒಂದಕ್ಷರ ಬಿಡದೆ ಇಳಿಸಿಕೊಂಡೆ.  ಓದುವಾಗ ಕಣ್ಣು ಹಾರಿಸಿ ಹೋಗಬಹುದು ಮಿರಾ, ಬರೆಯುವಾಗ ಆಗುವುದಿಲ್ಲ.

ಶಾಲು ಹೊದ್ದು ಅವನ ಮನೆಗೆ ನಡೆದೆ. ಅವನ ತಾಯಿ ಕ್ಲೊರಿಂದಾ ಒಲೆಯ ಹತ್ತಿರ ಕೂತಿದ್ದರು. ಚಹಾ ಕೊಟ್ಟರು. ಭಾವನ ಆರೋಗ್ಯ ವಿಚಾರಿಸಿದರು. ಸೆಫೆರಿನೊ ಬಲೆ ಹೆಣೆಯುತ್ತಿದ್ದ. ನಾನು ಕಾಗದವನ್ನು ಅವನ ಮುಂದಿಟ್ಟು, “ಇದನ್ನ ನಿಮ್ಮಮ್ಮನಿಗೆ ಓದಿ ಹೇಳಪ್ಪ, ಅವ್ರಿಗೆ ಕಣ್ಣು ಮಂಜು” ಎಂದೆ.

ನೋಡಿದ. ಕಿವಿ ಕೆಂಪಾಯಿತು. “ಏನಿದು, ತಮಾಷೆಗೆ ಬರ್ದದ್ದು” ಎಂದ.

“ತಮಾಷೆ ಅಂದ್ರೆ ನಂಗೂ ಇಷ್ಟ, ಓದೋ” ಎಂದರು ಕ್ಲೊರಿಂದಾ.

ಯಾಸ್ನಾಳ ಹೆಸರಿನವರೆಗೆ ಓದಿದ. ನಿಲ್ಲಿಸಿದ.

“ಮುಂದೆ?” ಎಂದರು ತಾಯಿ.

“ಮುಂದೇನಿಲ್ಲ.”

“ಅಷ್ಟುದ್ದ ಇದೆಯಲ್ಲೋ, ಕಾಗದ ಹಿಂದೂ ಮುಂದೂ ತುಂಬಿದೆ. ಅಷ್ಟು ಕಾಣುತ್ತೆ ನಂಗೆ.”

ಅವನು ಓದಲಿಲ್ಲ. ಆಗ ನಾನೇ ತೆಗೆದುಕೊಂಡು ಓದಿದೆ. ಎದ್ದು ನಿಂತು, ಶಾಲೆಯಲ್ಲಿ ನೀನು ಪದ್ಯ ಓದಿಸುತ್ತಿದ್ದಂತೆ, ಎಲ್ಲ ಪದಗಳನ್ನೂ ಗಟ್ಟಿಯಾಗಿ. ನನ್ನ ಬಾಯಿಂದ ಅಂಥ ಮಾತು ಅದಕ್ಕೆ ಮೊದಲು ಬಂದಿರಲಿಲ್ಲ, ಅಷ್ಟು ಒಟ್ಟಿಗಂತೂ ಇಲ್ಲವೇ ಇಲ್ಲ. ಮುಗಿಸುವಾಗ ಕ್ಲೊರಿಂದಾ ಅವರ ಕೈಯಲ್ಲಿದ್ದ ಲೋಟ ತುಟಿಗೂ ಹೋಗಿರಲಿಲ್ಲ, ಕೆಳಗೂ ಇಳಿದಿರಲಿಲ್ಲ.

“ಯಾರು ಬರ್ದಿದ್ದು?” ಎಂದು ಕೇಳಿದರು.

ಅವನು ಬಲೆ ನೋಡುತ್ತಾ, “ಎಲ್ರೂ ಬರೀತಾರಮ್ಮ ಅಲ್ಲಿ” ಎಂದ.

“ಎಲ್ರನ್ನೂ ನಾನು ಹೆತ್ತಿಲ್ಲ. ಇದನ್ನ ಯಾರು ಬರ್ದಿದ್ದು?”

“ನಾನು.”

ಕ್ಲೊರಿಂದಾ ಎದ್ದು ಕೋಟು ಹಾಕಿಕೊಂಡರು. ಸೊಂಟ ನೋವಿಗೆ ಇಗರ್ಜಿಗೂ ಹೋಗದವರು! “ದೋಣಿ ಇಳಿಸು” ಎಂದರು. “ಆ ಹುಡುಗಿ ಎಲ್ಲಿದಾಳೆ ಅಲ್ಲಿಗೆ ಬಿಡು.”

ಯಾಸ್ನಾ ಆಚೆ ಕಟ್ಟೆಯಲ್ಲಿ ಬಾಟಲಿಗಳಿಗೆ ಚೀಟಿ ಅಂಟಿಸುತ್ತಿದ್ದಳು. ನಾವು ಮೂವರು ಒಂದೇ ದೋಣಿಯಲ್ಲಿ ಬರುವುದನ್ನು ಕಂಡು ಯಾರೋ ಸತ್ತರೆಂದೇ ಭಾವಿಸಿದಳಂತೆ. ಸೆಫೆರಿನೊ ತಲೆ ತಗ್ಗಿಸಿ, “ಬರೀಬಾರ್ದಿತ್ತು” ಎಂದ. ತಾಯಿ ಹಿಂದಿನಿಂದ, “ಅವಳ ಮುಖ ನೋಡಿ ಹೇಳು” ಎಂದರು. ನೋಡಿ ಹೇಳಿದ. ಯಾಸ್ನಾ ಕ್ಷಮಿಸಿದೆ ಎಂದೇನೂ ಹೇಳಲಿಲ್ಲ. ಕಾಗದವನ್ನು ಕೇಳಿ ತೆಗೆದುಕೊಂಡು, ಮಡಚಿ ಜೇಬಿನಲ್ಲಿಟ್ಟುಕೊಂಡಳು. “ಗುರುವಾರ ನಿಮ್ಮ ಬಂಡೆಗೆ ಬರ್ತೀನಿ. ಹಗ್ಗ ಹಿಡಿಯೋಕೆ ಒಬ್ರು ಬೇಕು. ಅಲ್ಲಿ ನಿಂತಿರು” ಎಂದಳು. ಇವತ್ತು ಗುರುವಾರ. ಕಿಟಕಿಯಿಂದ ನೋಡಿದೆ. ಮಳೆಯಲ್ಲಿ ನಿಂತಿದ್ದ.

ಮನೆಗೆ ಬಂದ ಮೇಲೆ ಅರ್ಸೇನಿಯೊಗೆ ಏನನ್ನೂ ಹೇಳುವ ಮೊದಲು ಬಾಯಿ ಮುಕ್ಕಳಿಸಿದೆ, ಮುಖ ತೊಳೆದೆ. ಆ ಪುಟವನ್ನು ನೀನು ಎಷ್ಟು ಬೆಳಗು ಹಾಗೆ ತೆರೆದೆಯೋ.

ನಿನ್ನ
ನೊಲ್ಫಾ


ಕಾಸ್ತ್ರೊ
ಜೂನ್ 20

ನೊಲ್ಫಾ,

ನಿನ್ನ ಪತ್ರವನ್ನು ನಿಂತೇ ಓದಿದೆ, ಆಮೇಲೆ ಕೂತು ಓದಿದೆ. ಜನವರಿಯಲ್ಲಿ ನಾನು ಕೇಳಿದ್ದು ಇಷ್ಟನ್ನೇ.

ಮುಂದಿನ ಶನಿವಾರದ ದೋಣಿಗೆ ಬರುತ್ತೇನೆ. ರೊಸಮೆಲ್ ಅವರು ಏನು ತಿನ್ನಬಹುದೆಂದು ಕೇಳಿ ತಿಳಿಸು. ಅವರು ಸಮುದ್ರದ್ದೇನನ್ನೂ ಮುಟ್ಟುವುದಿಲ್ಲ ಎನ್ನುತ್ತಾರಂತೆ, ಆಲೂಗಡ್ಡೆ ರೊಟ್ಟಿ ಮಾಡಿಕೊಂಡು ಬರಲೇ?

ನಿನ್ನೆ ಸಂಜೆಯ ಪಾಳಿಯಲ್ಲಿ ಯಾವನೋ ನನ್ನನ್ನೇ ಬೈದು ಬರೆದಿದ್ದ. ತಾಣವನ್ನು ಹಾಳು ಮಾಡಿದ ಮುದಿ ಇಂಥವಳು ಎಂದು, ಆ ಇಂಥವಳನ್ನು ಪೂರ್ತಿಯಾಗಿ ಬರೆದಿದ್ದ.  ನಾಲ್ಕಕ್ಷರದ ಪದದಲ್ಲಿ ಎರಡು ಕಾಗುಣಿತ ತಪ್ಪು. ತಿದ್ದಿ, ಅಲ್ಲಿಯೇ ಬಿಟ್ಟೆ.

ನಿನ್ನ
ಮಿರಾ